ಎರಡನೇ ಗೇರಲ್ಲಿ ಓಡಿಸಿ ತೋರಿಸಿ

ಮಾಡಿಫೈ ಮಾಡಿಸಿದ ಗಾಡಿ ತಂದವರು ಮೊದಲು ತೋರಿಸುವುದು ಡೈನೋ ಶೀಟ್, ಅಂದರೆ ಗಾಡಿಯ ಶಕ್ತಿ ಅಳೆಯುವ ಯಂತ್ರದ ರಿಪೋರ್ಟ್. ಇಷ್ಟು ಬಿಎಚ್‌ಪಿ ಬಂತು, ಅಷ್ಟು ಟಾರ್ಕ್ ಬಂತು ಅಂತ. ನಾನೂ ಎಲ್ಲರಿಗೂ ತೋರಿಸಿಕೊಂಡು ಓಡಾಡಿದ್ದೇನೆ. ಈಗ ಯಾರಾದರೂ ತೋರಿಸಿದರೆ ಒಂದೇ ಪ್ರಶ್ನೆ ಕೇಳುತ್ತೇನೆ. ಭಾನುವಾರ ಬೆಳಿಗ್ಗೆ ನಮ್ಮ ಚಿಕ್ಕಮಗಳೂರಿನ ಗಿರಿ ರಸ್ತೆಯಲ್ಲಿ ಕೈಮರದಿಂದ ಸೀತಾಳಯ್ಯನಗಿರಿವರೆಗೆ, ಪ್ರವಾಸಿಗರ ಗಾಡಿಗಳ ಹಿಂದೆ, ಎರಡನೇ ಗೇರಲ್ಲಿ ಹೋಗಿ ಬಂದಿದ್ದೀರಾ?

ನನ್ನದು ಜಿಪ್ಸಿ. 1298 ಸಿಸಿ, 16 ವಾಲ್ವ್, ಎಂಪಿಎಫ್‌ಐ. ತೋಟಕ್ಕೂ ಅದೇ, ಪೇಟೆಗೂ ಅದೇ, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದಕ್ಕೂ ಅದೇ. ಎರಡು ವರ್ಷದ ಹಿಂದೆ ಆಸೆಪಟ್ಟು ದೊಡ್ಡ ಕ್ಯಾಮ್ (ಎಂಜಿನ್ ವಾಲ್ವ್ ತೆರೆಯುವ ಶಾಫ್ಟ್) ಹಾಕಿಸಿದೆ. ಜೊತೆಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ದೊಡ್ಡದು, ತೂಕ ಇಳಿಸಿದ ಫ್ಲೈವೀಲ್, ಎಂಜಿನ್ ನಡೆಸುವ ಕಂಪ್ಯೂಟರ್ ಅಂದರೆ ಇಸಿಯು ಬೇರೆಯದು. ಹೊರಗಿನ ಊರಿನ ಒಂದು ವರ್ಕ್‌ಶಾಪಲ್ಲಿ ಟ್ಯೂನ್ ಆಯಿತು. 4000 ಆರ್‌ಪಿಎಂ ದಾಟಿದ ಮೇಲೆ ಅದು ಎಳೆಯುವುದನ್ನು ನೋಡಿದರೆ ಈಗಲೂ ಮೈ ಜುಮ್ ಅನ್ನುತ್ತದೆ. ಅಷ್ಟರ ಮಟ್ಟಿಗೆ ಅವರ ಕೆಲಸ ಚೆನ್ನಾಗಿಯೇ ಇತ್ತು. ಆದರೆ ಐಡ್ಲಿಂಗ್, ಅಂದರೆ ರೇಸ್ ಕೊಡದಿದ್ದಾಗ ಎಂಜಿನ್ ತನ್ನಷ್ಟಕ್ಕೆ ಓಡುವುದು, ಒಂದೇ ಸಮ ಇರುತ್ತಿರಲಿಲ್ಲ. ಕೇಳಿದ್ದಕ್ಕೆ "ದೊಡ್ಡ ಕ್ಯಾಮ್ ಅಲ್ವಾ ಸಾರ್, ಹಂಗೇ ಇರೋದು" ಅಂದರು. ಐಡ್ಲಿಂಗನ್ನು 1500ಕ್ಕೆ ಏರಿಸಿ ಕೀ ಕೈಗೆ ಕೊಟ್ಟರು.

ಹಂಗೇ ಇರೋದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಈ ಪೋಸ್ಟ್ ಬರೆಯುತ್ತಿರುವುದೇ ಅದಕ್ಕೆ.

1500ರಲ್ಲಿ ನಿಂತ ಎಂಜಿನ್ ತೋಟದೊಳಗೆ ಕಾಲು ತೆಗೆದರೂ ಗಾಡಿಯನ್ನು ತಳ್ಳುತ್ತಲೇ ಇರುತ್ತದೆ. ಇಳಿಜಾರಲ್ಲಿ ಹಿಡಿತ ಸಿಗುವುದಿಲ್ಲ. ಹಿಂದೆ ಕಾಫಿ ಹಣ್ಣಿನ ಮೂಟೆ, ಕೆಳಗೆ ಒದ್ದೆ ಮಣ್ಣು, ಇಡೀ ದಿನ ಬ್ರೇಕ್ ಮೇಲೇ ಕಾಲು. ಬೇಸತ್ತು ನಾನೇ ಸ್ಕ್ರೂ ತಿರುಗಿಸಿ 900ಕ್ಕೆ ಇಳಿಸಿದೆ. ಅದಾಗಿ ನಾಲ್ಕನೇ ದಿನ ಅಮ್ಮನನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿಯುತ್ತಿದ್ದೆ. ಕೊಟ್ಟಿಗೆಹಾರ ದಾಟಿದ ಕೂಡಲೇ ಮಂಜು. ಮುಂದೆ ಒಂದು ಬಸ್. ತಿರುವಿನಲ್ಲಿ ಬಸ್ ನಿಧಾನ ಮಾಡಿತು. ನಾನು ಕ್ಲಚ್ ಒತ್ತಿದೆ, ಆರ್‌ಪಿಎಂ ಸರ್ರನೆ ಬಿದ್ದು ಎಂಜಿನ್ ಆಫ್ ಆಯಿತು. ಆಗಲೇ ಎರಡು ಸಲ ಬ್ರೇಕ್ ತುಳಿದಿದ್ದೆ. ಮೂರನೇ ಸಲ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಹ್ಯಾಂಡ್‌ಬ್ರೇಕ್ ಎಳೆದು, ಎದ್ದು ನಿಂತ ಹಾಗೆ ಪೆಡಲ್ ತುಳಿದು ಗಾಡಿ ನಿಲ್ಲಿಸಿದೆ. ಅಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಈ ಗಾಡಿಗೆ ನೀನು ಏನು ಮಾಡ್ಸಿದ್ದೀಯೋ ಗೊತ್ತಿಲ್ಲ ಮಗ, ಮೊದಲಿನ ಹಾಗೆ ಮಾಡ್ಸು" ಅಂದರು.

ಪೆಡಲ್ ಗಟ್ಟಿಯಾಗಿದ್ದು ಯಾಕೆ ಅಂತ ಹೇಳಲೇಬೇಕು. ಘಾಟಿಯಲ್ಲಿ ಓಡಾಡುವವರಿಗೆ ಇದು ಗೊತ್ತಿರಬೇಕು. ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಹೊರಗಿನ ಗಾಳಿಯ ಒತ್ತಡಕ್ಕೂ ಎಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡ್ ಒಳಗಿನ ಒತ್ತಡಕ್ಕೂ ಇರುವ ವ್ಯತ್ಯಾಸದಿಂದ. ಕಂಪನಿ ಕ್ಯಾಮ್ ಇದ್ದಾಗ ಐಡ್ಲಿಂಗಲ್ಲಿ ಒಳಗೆ ಸಾಮಾನ್ಯವಾಗಿ 30ರಿಂದ 40 ಕಿಲೋಪ್ಯಾಸ್ಕಲ್ ಇರುತ್ತದೆ. ದೊಡ್ಡ ಕ್ಯಾಮಲ್ಲಿ ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ. ಸುಟ್ಟ ಹೊಗೆ ವಾಪಸ್ ಇನ್‌ಟೇಕ್ ಕಡೆಗೆ ನುಗ್ಗುತ್ತದೆ. ಒಳಗಿನ ಒತ್ತಡ 50, 60ಕ್ಕೆ ಏರುತ್ತದೆ. ಇನ್ನು ಹೊರಗೆ? ಸಮುದ್ರಮಟ್ಟದಲ್ಲಿ 101. ನಮ್ಮ ಚಿಕ್ಕಮಗಳೂರು ಪೇಟೆಯಲ್ಲಿ ಸುಮಾರು 89. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ತುದಿಯಲ್ಲಿ 80. ಅಂದರೆ ಮಲೆನಾಡಿನ ಗಾಡಿಗೆ ಎರಡೂ ಕಡೆಯಿಂದ ನಷ್ಟ. ಗೇರಲ್ಲಿ ಇಳಿಯುವಾಗ ವ್ಯಾಕ್ಯೂಮ್, ಅಂದರೆ ಈ ವ್ಯತ್ಯಾಸ, ಸಾಕಷ್ಟು ಇರುತ್ತದೆ. ಕ್ಲಚ್ ಒತ್ತಿ ಐಡ್ಲಿಂಗ್‌ಗೆ ಬಂದು ಮತ್ತೆ ಮತ್ತೆ ಬ್ರೇಕ್ ತುಳಿದಾಗ ಕೈಕೊಡುತ್ತದೆ. ಎಂಜಿನ್ ಆಫ್ ಆದರಂತೂ ಬೂಸ್ಟರಲ್ಲಿ ಉಳಿದಷ್ಟೇ.

ಮೊದಲಿನ ಹಾಗೆ ಮಾಡಿಸಲಿಲ್ಲ. ಆದರೆ ಸರಿಯಾಗುವವರೆಗೆ ಅಮ್ಮನನ್ನು ಅದರಲ್ಲಿ ಕೂರಿಸಲೂ ಇಲ್ಲ. ನಮ್ಮೂರಿನ ಮೆಕ್ಯಾನಿಕ್ ಒಬ್ಬರು, ಕಾರ್ಬುರೇಟರ್ ಕಾಲದವರು, ಲ್ಯಾಪ್‌ಟಾಪ್ ತೆಗೆಯಲು ಬಿಡಲೇ ಇಲ್ಲ. "ಫಸ್ಟ್ ಗಾಳಿ ಎಲ್ಲಿ ಕಳ್ಳತನದಲ್ಲಿ ಒಳಗೆ ಹೋಗ್ತಿದೆ ನೋಡು" ಅಂದರು. ಎಂಜಿನ್ ಓಡುತ್ತಿರುವಾಗ ಕಾರ್ಬುರೇಟರ್ ಕ್ಲೀನರ್ ಸ್ಪ್ರೇಯನ್ನು ಬಿಸಿ ಎಕ್ಸಾಸ್ಟಿಗೆ ತಾಗದ ಹಾಗೆ ಮ್ಯಾನಿಫೋಲ್ಡ್ ಸುತ್ತ ಸ್ವಲ್ಪ ಸ್ವಲ್ಪ ಹೊಡೆದರು. ಒಂದು ಜಾಗದಲ್ಲಿ ಸೌಂಡ್ ಬದಲಾಯಿತು. ಗ್ಯಾಸ್ಕೆಟ್ ಸರಿಯಾಗಿ ಕೂತಿರಲಿಲ್ಲ. ಗ್ಯಾಸ್ಕೆಟ್ ಬದಲಿಸಿದ ಮೇಲೆ ಅರ್ಧ ರೋಗ ಹೋಯಿತು. ಏರ್ ಲೀಕ್ ಇಟ್ಟುಕೊಂಡು ಇಸಿಯು ಒಳಗಿನ ಮ್ಯಾಪ್ (ಲೆಕ್ಕದ ಪಟ್ಟಿ) ತಿದ್ದುವುದು ಸುಮ್ನೆ ಟೈಮ್ ವೇಸ್ಟ್.

ಉಳಿದ ಅರ್ಧ ಲ್ಯಾಪ್‌ಟಾಪಲ್ಲಿತ್ತು. ಅದನ್ನು ಚಿಕ್ಕಪ್ಪನ ಮಗನೂ ನಾನೂ ಸೇರಿ ಎರಡು ತಿಂಗಳು ಮಾಡಿದೆವು.

ಮೊದಲು ಸಿಕ್ಕಿದ್ದು ಇಂಜೆಕ್ಟರ್. ಇಸಿಯು ತೆರೆ ಅಂದ ಕ್ಷಣವೇ ಇಂಜೆಕ್ಟರ್ ತೆರೆಯುವುದಿಲ್ಲ. ಸುಮಾರು ಒಂದು ಮಿಲಿಸೆಕೆಂಡ್ ತಡವಾಗುತ್ತದೆ. ದೊಡ್ಡ ಇಂಜೆಕ್ಟರ್ ಐಡ್ಲಿಂಗಲ್ಲಿ ಒಟ್ಟು ತೆರೆಯುವುದೇ ಎರಡು ಮಿಲಿಸೆಕೆಂಡಿನ ಆಸುಪಾಸು. ಬ್ಯಾಟರಿ ವೋಲ್ಟೇಜ್ ಇಳಿದರೆ ಆ ತಡ ಇನ್ನೂ ಹೆಚ್ಚುತ್ತದೆ. ನನ್ನ ಗಾಡಿ ಮಳೆಯಲ್ಲೇ ಜಾಸ್ತಿ ಯಾಕೆ ಆಫ್ ಆಗುತ್ತಿತ್ತು ಅಂತ ಆಗ ಗೊತ್ತಾಯಿತು. ಹೆಡ್‌ಲೈಟ್, ಫಾಗ್ ಲೈಟ್, ವೈಪರ್ ಮೂರೂ ಹಾಕಿದರೆ ವೋಲ್ಟೇಜ್ ಇಳಿದು ಪೆಟ್ರೋಲ್ ಕಮ್ಮಿ ಬೀಳುತ್ತಿತ್ತು. ವೋಲ್ಟೇಜಿಗೆ ತಕ್ಕ ಲೆಕ್ಕ ತುಂಬಿದ ಮೇಲೆ ಆ ಕಾಟ ತಪ್ಪಿತು.

ಆಮೇಲೆ ಮಿಕ್ಸ್ಚರ್. ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಅನ್ನುವ ಅನುಪಾತ ಎಲ್ಲರ ಬಾಯಲ್ಲೂ ಇದೆ. ದೊಡ್ಡ ಕ್ಯಾಮ್ ಇರುವ ಎಂಜಿನ್ ಐಡ್ಲಿಂಗಲ್ಲಿ ಆಗಾಗ ಮಿಸ್ಸಿಂಗ್ ಹೊಡೆಯುತ್ತದೆ. ಸುಡದೆ ಉಳಿದ ಆಕ್ಸಿಜನ್ ಸೈಲೆನ್ಸರಿಗೆ ಹೋಗುತ್ತದೆ. ಅಲ್ಲಿರುವ ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಲೀನ್, ಅಂದರೆ ಪೆಟ್ರೋಲ್ ಕಮ್ಮಿ, ಅನ್ನುತ್ತದೆ. ಅದನ್ನು ನಂಬಿ ಪೆಟ್ರೋಲ್ ಸುರಿದರೆ ಪ್ಲಗ್ ಕಪ್ಪಾಗುತ್ತದೆ, ಕಣ್ಣು ಉರಿಯುತ್ತದೆ. ಹೊಗೆ ತಪಾಸಣೆಯಲ್ಲೂ ಫೇಲ್. ಬಿಎಸ್-3 ಪೆಟ್ರೋಲ್ ಗಾಡಿಗೆ ಐಡ್ಲಿಂಗಲ್ಲಿ ಕಾರ್ಬನ್ ಮಾನಾಕ್ಸೈಡ್ 0.5 ಪರ್ಸೆಂಟ್ ಮೀರುವಂತಿಲ್ಲ. ನಾವು ಸೆನ್ಸರ್ ತಿದ್ದುಪಡಿಯನ್ನು ಐಡ್ಲಿಂಗ್ ಮಟ್ಟಿಗೆ ಆಫ್ ಮಾಡಿ ವ್ಯಾಕ್ಯೂಮ್ ನೋಡಿಕೊಂಡು ಕೂತೆವು. ಪೆಟ್ರೋಲ್ ಸ್ವಲ್ಪ ಸ್ವಲ್ಪವೇ ಕಮ್ಮಿ ಜಾಸ್ತಿ ಮಾಡುತ್ತಾ ವ್ಯಾಕ್ಯೂಮ್ ಎಲ್ಲಿ ಹೆಚ್ಚು, ಎಲ್ಲಿ ಗೇಜಿನ ಮುಳ್ಳು ಕಡಿಮೆ ಅಲುಗುತ್ತದೆ ಅಂತ ಹುಡುಕಿದೆವು. 13.8ರ ಹತ್ತಿರ ಸಿಕ್ಕಿತು. ಕಾರ್ಬುರೇಟರ್ ಮಿಕ್ಸ್ಚರ್ ಸ್ಕ್ರೂ ತಿರುಗಿಸುತ್ತಾ ಕಿವಿಯಲ್ಲಿ ಕೇಳುತ್ತಿದ್ದ ಹಳಬರು ಮಾಡುತ್ತಿದ್ದದ್ದೂ ಇದೇ ಕೆಲಸ.

ನನಗೆ ಅತಿ ಖುಷಿ ಕೊಟ್ಟಿದ್ದು ಟೈಮಿಂಗ್, ಅಂದರೆ ಪಿಸ್ಟನ್ ಮೇಲೆ ತಲುಪುವುದಕ್ಕೆ ಎಷ್ಟು ಡಿಗ್ರಿ ಮೊದಲು ಸ್ಪಾರ್ಕ್ ಹೊಡೆಯಬೇಕು ಅನ್ನುವ ಲೆಕ್ಕ. ಐಡ್ಲಿಂಗ್ ಬಿದ್ದಾಗ ಏರ್ ವಾಲ್ವ್ ತೆರೆದರೆ ಆ ಗಾಳಿ ಮ್ಯಾನಿಫೋಲ್ಡ್ ತುಂಬಿ ಸಿಲಿಂಡರ್ ಸೇರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆಮೇಲೆ ಒಮ್ಮೆಲೇ ಜಾಸ್ತಿಯಾಗುತ್ತದೆ. ಉಯ್ಯಾಲೆಯ ಹಾಗೆ ಮೇಲೆ ಕೆಳಗೆ ಆಡುವುದು ಇದಕ್ಕೇ. ಸ್ಪಾರ್ಕ್ ಹಾಗಲ್ಲ, ಮುಂದಿನ ಸಿಲಿಂಡರಿಗೇ ಬದಲಾಯಿಸಬಹುದು. 1000 ಆರ್‌ಪಿಎಂಗೆ 14 ಡಿಗ್ರಿ ಇಟ್ಟೆವು. 800ಕ್ಕೆ ಬಿದ್ದರೆ 20, 1200ಕ್ಕೆ ಏರಿದರೆ 9. ಬಿದ್ದಾಗ ಎಂಜಿನ್ ತಾನೇ ಎತ್ತಿಕೊಳ್ಳುತ್ತದೆ, ಏರಿದಾಗ ತಾನೇ ತಗ್ಗುತ್ತದೆ. ಹಗುರ ಫ್ಲೈವೀಲ್ ಇದ್ದರೆ ಇದು ಇನ್ನೂ ಮುಖ್ಯ. ಬೀಳುವ ಎಂಜಿನ್ನನ್ನು ಹಿಡಿಯಲು ಅಲ್ಲಿ ತೂಕವೇ ಇಲ್ಲ. ಇವು ನನ್ನ ಎಂಜಿನ್ ಲೆಕ್ಕ, ನಿಮ್ಮದಕ್ಕೆ ಹಾಗೇ ಹಾಕಬೇಡಿ.

ಎರಡನೇ ಗೇರಿನ ಜರ್ಕ್ ಬೇರೆ ಕಥೆ. ರೇಸ್‌ನಿಂದ ಕಾಲು ತೆಗೆದಾಗ ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ, ಆರ್‌ಪಿಎಂ ಇಳಿದಾಗ ಮತ್ತೆ ಕೊಡುತ್ತದೆ. ನನ್ನ ಗಾಡಿಯಲ್ಲಿ ಹಾಗೆ ಮತ್ತೆ ಕೊಡುವುದು 1400ರಲ್ಲಿತ್ತು. ಗಿರಿ ರಸ್ತೆಯಲ್ಲಿ ಎರಡನೇ ಗೇರಲ್ಲಿ ನಿಧಾನವಾಗಿ ಹೋಗುವಾಗ ಎಂಜಿನ್ ಅದೇ ಜಾಗದಲ್ಲಿ ಸುತ್ತುತ್ತಿರುತ್ತದೆ. ನಿಲ್ಲಿಸು, ಕೊಡು, ನಿಲ್ಲಿಸು, ಕೊಡು. ಅಮ್ಮ ಕುದುರೆ ಥರ ಎಗರ್ತದೆ ಅನ್ನುತ್ತಿದ್ದದ್ದು ಇದನ್ನೇ. 2000ಕ್ಕೆ ಏರಿಸಿ, ನಿಲ್ಲಿಸುವ ಮೊದಲು ಒಂದು ಸೆಕೆಂಡ್ ಕಾಯುವ ಹಾಗೆ ಮಾಡಿದೆವು. ಇಷ್ಟೇ. ಹತ್ತು ನಿಮಿಷದ ಕೆಲಸ. ಡೈನೋ ಮೇಲೆ ಫುಲ್ ರೇಸ್ ಕೊಟ್ಟು ಮಾತ್ರ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ನನಗೆ ಸಿಟ್ಟು ಬರುವುದು ಇಲ್ಲೇ. ನಮ್ಮ ಜಿಲ್ಲೆಯಲ್ಲಿ ಫುಲ್ ರೇಸ್ ಕೊಟ್ಟು ಹೋಗುವ ಜಾಗ ಎಷ್ಟಿದೆ ಹೇಳಿ? ಬೇರೆಯವರ ಗಾಡಿ ಹಿಂದೆ, ದನ ದಾಟುವ ತಿರುವಲ್ಲಿ, ಶಾಲೆ ಮಕ್ಕಳ ಪಕ್ಕದಲ್ಲಿ, ತೋಟದ ಗೇಟಿನ ಏರಲ್ಲಿ ರಿವರ್ಸ್ ಹಾಕುತ್ತಾ ನಮ್ಮ ದಿನ ಕಳೆಯುತ್ತದೆ. ಎಲ್ಲವೂ 2500ರ ಕೆಳಗೆ. ಆ ಭಾಗಕ್ಕೆ ಟೈಮ್ ಕೊಡದೆ ಟ್ಯೂನ್ ಮುಗಿಯಿತು ಅಂತ ದುಡ್ಡು ತೆಗೆದುಕೊಳ್ಳುವುದು ತಪ್ಪು. ನೀವು ಗಾಡಿ ವಾಪಸ್ ತೆಗೆದುಕೊಳ್ಳುವಾಗ ಒಂದು ರಾತ್ರಿ ಅಲ್ಲೇ ಬಿಡಿ. ಬೆಳಿಗ್ಗೆ ಹೋಗಿ ನೀವೇ ಸ್ಟಾರ್ಟ್ ಮಾಡಿ. ಎಲ್ಲಾ ಲೈಟ್ ಹಾಕಿ ನೋಡಿ. ನಿಂತಲ್ಲೇ ಐದಾರು ಸಲ ಬ್ರೇಕ್ ತುಳಿದು ಪೆಡಲ್ ಹೇಗಿದೆ ನೋಡಿ. ಡೈನೋ ಶೀಟ್ ಆಮೇಲೆ.

ಈಗ ನನ್ನ ಗಾಡಿ 1000ದಲ್ಲಿ ನಿಲ್ಲುತ್ತದೆ. ಸ್ವಲ್ಪ ಗುಡುಗುಡು ಇದೆ, ಅದು ಕ್ಯಾಮ್ ಗುಣ, ಅಷ್ಟಕ್ಕೆ ನನ್ನ ಒಪ್ಪಿಗೆ ಇದೆ. ಹೋದ ತಿಂಗಳು ಅಮ್ಮ ಮತ್ತೆ ಕೂತರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿದು ಬಂದೆವು. ಉಳಿದಿರುವುದು ಕೋಲ್ಡ್ ಸ್ಟಾರ್ಟ್ ಮಾತ್ರ. ಡಿಸೆಂಬರ್ ಚಳಿಯಲ್ಲಿ ಮೊದಲ ಅರ್ಧ ನಿಮಿಷ ಇನ್ನೂ ಸ್ವಲ್ಪ ರೇಸ್ ಹಿಡಿದಿರಬೇಕು. ಎಂಜಿನ್ ಪೂರ್ತಿ ತಣ್ಣಗಾಗಿ ಸಿಗುವುದು ದಿನಕ್ಕೆ ಒಂದೇ ಸಲ, ಬೆಳಿಗ್ಗೆ. ತಪ್ಪಾದರೆ ಮಾರನೇ ದಿನದವರೆಗೆ ಕಾಯಬೇಕು. ನಾಳೆ ಆರು ಗಂಟೆಗೆ ಮತ್ತೆ ಕೂರುತ್ತೇವೆ.