900 ಗ್ರಾಂ ತೂಕದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಟೆಂಟು ಕಟ್ಟಿ ನೋಡಿರಲಿಕ್ಕಿಲ್ಲ. ನನ್ನ ಹಳೆಯ ಟೆಂಟು 3 ಕಿಲೋ ತೂಗುತ್ತಿತ್ತು. ಇಪ್ಪತ್ತೈದರಲ್ಲಿ ಅದನ್ನು ಹೊತ್ತು ಗುಡ್ಡ ಹತ್ತಿದ ಬೆನ್ನು ನಲವತ್ತೈದರಲ್ಲಿ ಚೌಕಾಸಿಗೆ ಇಳಿಯಿತು. ಹಗುರವಾದದ್ದನ್ನು ಹುಡುಕತೊಡಗಿದೆ.

ಈ ಹುಚ್ಚು ಹಿಡಿದವರಿಗೆ ಅಡುಗೆಮನೆಯ ತಕ್ಕಡಿಯೇ ದೇವರು. ಟೂತ್‌ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿ 6 ಗ್ರಾಂ ಉಳಿಸಿದೆ. ಹಲ್ಲುಜ್ಜುವಾಗ ಮುಷ್ಟಿಯೇ ಬಾಯೊಳಗೆ ಹೋಗಬೇಕಾಯಿತು, ಇರಲಿ. ಬರೀ ತಾಡಪಾಲಿನಂಥ ಬಟ್ಟೆಯನ್ನು ಹಗ್ಗಕ್ಕೆ ಇಳಿಬಿಟ್ಟು ಮಲಗಬಹುದಿತ್ತು, ಆದರೆ ಜಿಗಣೆಗಳಿಗೆ ಬಾಗಿಲು ತೆರೆದಿಟ್ಟಂತೆ. ಮರಕ್ಕೆ ಕಟ್ಟುವ ಜೋಲಿ ಸೊಗಸು, ಆದರೆ ಜೊತೆಗೆ ಬರುವ ಭಾವಮೈದುನನ ಗಾತ್ರಕ್ಕೆ ಆಲದ ಮರವೇ ಬೇಕು. ಕೊನೆಗೆ ಒಂದೇ ಪದರದ ಟೆಂಟನ್ನು ಆರಿಸಿದೆ. ಅದಕ್ಕೆ ಸ್ವಂತ ಕಂಬವಿಲ್ಲ. ಚಾರಣದ ಊರುಗೋಲನ್ನೇ ನಡುವೆ ನಿಲ್ಲಿಸಿ, ಸುತ್ತ 6 ಗೂಟ ಜಡಿದು, ಎಳೆದು ಕಟ್ಟಬೇಕು. ತೂಕ 900 ಗ್ರಾಂ.

ಅಂಗಡಿಯವನು, "3,000 ಮಿಲಿಮೀಟರ್ ತಡೆಯುತ್ತದೆ ಸಾರ್" ಎಂದ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಹಾಗಾದರೆ ಜುಲೈ ನಡುವಿನವರೆಗೆ ಚಿಂತೆಯಿಲ್ಲ ಎಂದು ಲೆಕ್ಕ ಹಾಕಿದೆ. ಬಟ್ಟೆಯ ಮೇಲೆ 3 ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದರೂ ಜಿನುಗುವುದಿಲ್ಲ ಎಂಬುದು ಆ ಸಂಖ್ಯೆಯ ಅರ್ಥವಂತೆ. ಅದು ಹೊರಗಿನ ನೀರಿನ ಮಾತು. ಒಳಗಿನ ನೀರಿನ ಬಗ್ಗೆ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗೃಹಪ್ರವೇಶ ನಮ್ಮ ತಾರಸಿಯ ಮೇಲೆ ನಡೆಯಿತು. ಕಾಂಕ್ರೀಟಿಗೆ ಗೂಟ ಇಳಿಯುವುದಿಲ್ಲ ಎಂಬುದು ಎರಡು ಗೂಟ ಬಗ್ಗಿದ ಮೇಲೆ ಹೊಳೆಯಿತು. ಗೂಟಗಳ ಜಾಗಕ್ಕೆ ಎರಡು ಹೂಕುಂಡ, ಖಾಲಿ ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನು, ಅಜ್ಜಿಯ ಕಾಲದ ರುಬ್ಬುವ ಗುಂಡು ಮತ್ತು ಸ್ವತಃ ಭಾವಮೈದುನ ಬಂದರು. ಹೆಂಡತಿ ಮೇಲೆ ಬಂದು ಸುತ್ತ ಒಮ್ಮೆ ನೋಡಿ, "ಇದನ್ನೆಲ್ಲ ಬೆನ್ನ ಮೇಲೆ ಹೊರುತ್ತೀರಾ?" ಎಂದಳು. ಹಸಿ ಕಡಲೆಕಾಯಿ ಒಣಗಿಸಲು ಬಂದ ಪಕ್ಕದ ಮನೆಯವರು ಮಾತ್ರ, "ಅಳಿಲಿನ ಕಾಟಕ್ಕೆ ಒಳ್ಳೆಯ ಉಪಾಯ ಮಾಡಿದ್ದೀರಿ" ಎಂದು ಮೆಚ್ಚಿ, ಒಂದು ಮೊರವನ್ನು ಒಳಗೆ ತಳ್ಳಿಯೇ ಹೋದರು.

ನಿಜವಾದ ಪರೀಕ್ಷೆ ಸಕಲೇಶಪುರದ ಕಡೆ, ಪರಿಚಿತರ ಕಾಫಿ ತೋಟದಲ್ಲಿ. ಇಡೀ ದಿನ ಗುಡ್ಡ ನಡೆದು, ಸಂಜೆ ಹಳ್ಳದ ಪಕ್ಕದ ಹುಲ್ಲಿನ ಮೇಲೆ ಟೆಂಟು ಕಟ್ಟಿದೆವು. ತೋಟದ ಹಿರಿಯಾಳು ಕಂಬಳಿ ಕೊಪ್ಪೆ ಹೊದ್ದು ನಿಂತು ನೋಡಿ, "ಅಲ್ಲಿ ಥಂಡಿ ಕೂರುತ್ತದೆ, ಮೇಲೆ ಕಟ್ಟಿ" ಎಂದರು. 3,000 ಮಿಲಿಮೀಟರಿನ ಒಡೆಯನಾದ ನಾನು ನಕ್ಕೆ. ಆಗಲೇ ಭಾವಮೈದುನ ತನ್ನ ಚೀಲದಿಂದ ಕೋಡುಬಳೆ ತುಂಬಿದ ಸ್ಟೀಲ್ ಡಬ್ಬಿ ಹೊರತೆಗೆದ. ನಾನು ಬ್ರಷ್ಷಿನಲ್ಲಿ ಉಳಿಸಿದ ತೂಕ ಅದರ ಮುಚ್ಚಳದ ಹಿಡಿಗೂ ಸಾಲುತ್ತಿರಲಿಲ್ಲ. ನಾಲ್ಕು ತಿಂದೆ.

ಮೋಡವಿಲ್ಲದ, ಗಾಳಿಯಾಡದ ರಾತ್ರಿ. ಇಬ್ಬರ ಉಸಿರೂ ತಣ್ಣನೆಯ ಬಟ್ಟೆಗೆ ತಾಗಿ ನೀರಾಗತೊಡಗಿತು. ಟಾರ್ಚ್ ಹಾಕಿದರೆ ಸೂರಿನ ತುಂಬ ಸಾಸಿವೆ ಗಾತ್ರದ ಹನಿಗಳು. ನೈಲಾನು ಹಸಿಯಾದರೆ ಹಿಗ್ಗುತ್ತದೆ. ಸಂಜೆ ಮದ್ದಳೆಯಂತೆ ಬಿಗಿದಿದ್ದ ಗೋಡೆ ನಡುರಾತ್ರಿಗೆ ಜೋತು ಮೂಗಿನ ತನಕ ಬಂತು. ಭಾವಮೈದುನ ಮಗ್ಗುಲು ಬದಲಿಸಿದಾಗ ಅವನ ಮೊಣಕೈ ತಾಗಿ, ಎರಡು ಹನಿ ಒಂದಾಗಿ, ಒಂದು ಸುಕ್ಕಿನ ದಾರಿ ಹಿಡಿದು, ತುಸು ನಿಂತು ಯೋಚಿಸಿ, ನೇರ ನನ್ನ ಕಿವಿಯೊಳಗೆ ಇಳಿಯಿತು.

ಸುಮಾರು ಮೂರು ಗಂಟೆಗೆ ಅವನು ಹೊರಗೆ ಹೋಗಬೇಕಾಯಿತು. ತೋಟ, ಕತ್ತಲೆ, ಹಾವಿನ ಭಯ. ನಿದ್ದೆಗಣ್ಣಿನಲ್ಲಿ ಕೈಗೆ ಸಿಕ್ಕ ಕೋಲನ್ನು ಹಿಡಿದು ಹೊರಟ. ಆ ಕೋಲೇ ಮನೆಯ ಕಂಬ.

ಮನೆ ನನ್ನ ಮೇಲೆ ಬಿತ್ತು. ಒದ್ದೆ ನೈಲಾನು ಮುಖಕ್ಕೆ ಮೆತ್ತಿಕೊಂಡರೆ ಕೂಗಿದ್ದು ಮಾತಾಗಿ ಹೊರಡುವುದಿಲ್ಲ, ಹಂದಿಯ ಗುಟುರಿನಂತೆ ಕೇಳಿಸುತ್ತದೆ. ಮರಳಿ ಬಂದವನಿಗೆ ಟೆಂಟಿದ್ದ ಜಾಗದಲ್ಲಿ ಹೊರಳಾಡುವ ಯಾವುದೋ ಪ್ರಾಣಿ ಕಾಣಿಸಿತಂತೆ. ಅದೇ ಕೋಲಿನಿಂದ ಎರಡು ಬಾರಿಸಿದ. ಮೂರನೆಯದಕ್ಕೆ ಮೊದಲು ಅವನ ಅಕ್ಕನ ಹೆಸರು ಹಿಡಿದು ಕೂಗಿ ಬದುಕಿಕೊಂಡೆ.

ಉಳಿದ ರಾತ್ರಿ ತೋಟದ ಮನೆಯ ಜಗಲಿಯಲ್ಲಿ ಕಳೆಯಿತು. ಹಿರಿಯರು ಏನೂ ಕೇಳದೆ ಒಂದು ಕಂಬಳಿ ಎಸೆದರು. 2 ಕಿಲೋ ಇದ್ದಿರಬೇಕು. ಅಷ್ಟು ಭಾರ ಮೈಮೇಲೆ ಬಿದ್ದು ಅಷ್ಟು ಸುಖವೆನಿಸಿದ್ದು ಅದೇ ಮೊದಲು.

ಊರಿಗೆ ಬಂದ ಮೇಲೆ ಎಮಾ ಗೇಟ್‌ವುಡ್ ಎಂಬ ಅಮೆರಿಕದ ಅಜ್ಜಿಯ ವಿಷಯ ಓದಿದೆ. 11 ಮಕ್ಕಳ ತಾಯಿ. 1955ರಲ್ಲಿ, ತನ್ನ 67ನೆಯ ವಯಸ್ಸಿನಲ್ಲಿ, 3,000 ಕಿಲೋಮೀಟರಿಗೂ ಉದ್ದದ ಅಪಲೇಚಿಯನ್ ಕಾಲುದಾರಿಯನ್ನು ಒಬ್ಬಳೇ ನಡೆದು ಮುಗಿಸಿದಳು. ಟೆಂಟಿರಲಿಲ್ಲ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ.

ನನ್ನ ಟೆಂಟು ತಾರಸಿಯಲ್ಲಿದೆ. ಕಡಲೆಕಾಯಿ ಒಣಗುವವರೆಗೆ ಮುಟ್ಟುವಂತಿಲ್ಲ. ನಿನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ ನಮ್ಮ ಸ್ನಾನದ ಮನೆಯ ಪರದೆಯನ್ನು ಮೆಲ್ಲನೆ ಬಿಚ್ಚಿ ತಕ್ಕಡಿಗೆ ಹಾಕಿದೆ. 410 ಗ್ರಾಂ. ಕೊಕ್ಕೆಗಳನ್ನು ತೆಗೆದರೆ ಇನ್ನೂ ಕಡಿಮೆ.