ಬ್ಯಾಟರಿ ಕಳಚಿದರೆ ಕಳ್ಳತನ-ತಡೆ ದೀಪ ಆರುವುದಿಲ್ಲ: ಸ್ಪಷ್ಟನೆ

‘ಡ್ಯಾಶ್‌ಬೋರ್ಡ್‌ನಲ್ಲಿ ಬೀಗದ ಗುರುತಿನ ಕೆಂಪು ದೀಪ ಮಿನುಗುತ್ತಿದ್ದರೆ ಬ್ಯಾಟರಿಯ ನೆಗೆಟಿವ್ ವೈರ್ ಹತ್ತು ನಿಮಿಷ ಕಳಚಿ, ಎಲ್ಲ ರೀಸೆಟ್ ಆಗುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಆ ದೀಪ ಕಳ್ಳತನ-ತಡೆ ವ್ಯವಸ್ಥೆಯದು: ಕೀಲಿಯೊಳಗಿನ ಚಿಪ್‌ನ ಕೋಡ್ ಹೊಂದಿದರೆ ಮಾತ್ರ ಅದು ಎಂಜಿನ್ ಓಡಲು ಬಿಡುತ್ತದೆ. ಕಾರಿನಲ್ಲಿ ಆ ಕೋಡ್ ಇರುವುದು ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ. ಅಳಿಯುವಂತಿದ್ದರೆ ಕಳ್ಳನಿಗೆ ಒಂದು ಸ್ಪ್ಯಾನರ್ ಸಾಕಿತ್ತು! ಕಳಚಿದರೆ ಗಡಿಯಾರ, ಪವರ್ ವಿಂಡೋದಂಥ ಸೆಟ್ಟಿಂಗ್‌ಗಳು ಹೋಗಬಹುದು, ಅಷ್ಟೇ.

ಹತ್ತು ನಿಮಿಷದ ಲೆಕ್ಕಕ್ಕೂ ಒಂದು ಮೂಲವಿರಬಹುದು. ಜನರಲ್ ಮೋಟಾರ್ಸ್‌ನ ಕೆಲವು ಹಳೆಯ ಕಾರುಗಳಲ್ಲಿ ಕಳ್ಳತನ-ತಡೆ ವ್ಯವಸ್ಥೆಗೆ ಕೋಡ್ ಮತ್ತೆ ಕಲಿಸಲು ಇಗ್ನಿಷನ್ ಆನ್ ಇಟ್ಟು, ದೀಪ ಆರುವವರೆಗೆ ಸುಮಾರು ಹತ್ತು ನಿಮಿಷ ಕಾಯುವ ಕ್ರಮವಿದೆ. ಅದಕ್ಕೆ ಬ್ಯಾಟರಿ ಜೋಡಿಸಿಯೇ ಇರಬೇಕು.

ಕಾರು ಲಾಕ್ ಆಗಿರುವಾಗ ದೀಪ ನಿಧಾನವಾಗಿ ಮಿನುಗುವುದು ಸಹಜ. ಇಗ್ನಿಷನ್ ಆನ್ ಮಾಡಿದ ಮೇಲೂ ಅದು ಆರದೆ, ಎಂಜಿನ್ ಹೊತ್ತಿಕೊಂಡು ಒಂದೆರಡು ಸೆಕೆಂಡಿನಲ್ಲೇ ನಿಂತರೆ ಕೀಲಿಯ ಗುರುತು ಸಿಗುತ್ತಿಲ್ಲ ಎನ್ನಬಹುದು. ಮೊದಲು ಗೊಂಚಲಿನಿಂದ ಬೇರೆ ಚಿಪ್ ಕೀಲಿಗಳನ್ನು ತೆಗೆದು ನೋಡಿ. ಒಂದರ ಸಿಗ್ನಲ್‌ಗೆ ಇನ್ನೊಂದು ಅಡ್ಡಬರಬಹುದು. ನಂತರ ಎರಡನೇ ಕೀಲಿ. ಅದರಲ್ಲಿ ಸ್ಟಾರ್ಟ್ ಆದರೆ ಮೊದಲನೆಯದರ ಚಿಪ್ ಕೆಟ್ಟಿರಬಹುದು. ಎರಡರಲ್ಲೂ ಆಗದಿದ್ದರೆ ಇಗ್ನಿಷನ್ ಸುತ್ತಲಿನ, ಕೀಲಿಯ ಚಿಪ್ ಓದುವ ಆಂಟೆನಾ ಸುರುಳಿ, ಅದರ ಕನೆಕ್ಟರ್, ಫ್ಯೂಸ್ ನೋಡಿಸಿ. ತಿರುಗಿಸುವ ಕೀಲಿಯ ಚಿಪ್‌ಗೆ ಸಾಮಾನ್ಯವಾಗಿ ಸೆಲ್ ಬೇಕಿಲ್ಲ, ಸೆಲ್ ಇರುವುದು ರಿಮೋಟ್ ಬಟನ್‌ಗೆ. ಪುಶ್-ಬಟನ್ ಕಾರಿನಲ್ಲಿ ಸೆಲ್ ಸತ್ತಿದ್ದರೆ, ಹಲವು ಮಾದರಿಗಳಲ್ಲಿ ಕೀಲಿಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದರೆ ಆಯಿತು.

ಕಾರಿನ ಬ್ಯಾಟರಿಯನ್ನೂ ಅಳೆಯಿರಿ: ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್ ಇರಬೇಕು. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡದೆ ಯಾವ ಬಿಡಿಭಾಗವನ್ನೂ ಬದಲಿಸಬೇಡಿ.