ಆಣೆ ಹಾಕಿಸುವುದು ಸಾಕು, ಮೀಟಿಂಗ್‌ಗೆ ಕಳಿಸಿ

ನಮ್ಮ ಹುಬ್ಬಳ್ಳಿ ಕಡೆ ಮನೆಯಲ್ಲಿ ಒಬ್ಬ ಕುಡಿಯುತ್ತಾನೆ ಅಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಆಣೆ. ಅವ್ವನ ತಲೆ ಮುಟ್ಟಿಸುತ್ತಾರೆ, ಮಗುವಿನ ತಲೆ ಮುಟ್ಟಿಸುತ್ತಾರೆ, ಅದಕ್ಕೂ ಬಗ್ಗದಿದ್ದರೆ ಸಿದ್ಧಾರೂಢರ ಗದ್ದುಗೆ ಮುಂದೆ ನಿಲ್ಲಿಸುತ್ತಾರೆ. ನನ್ನ ತಮ್ಮನಿಗೆ ಇದೆಲ್ಲ ಆಗಿದೆ. (ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.) ಆಣೆ ಮಾಡುವಾಗ ಅವನು ನಾಟಕ ಮಾಡುತ್ತಿರಲಿಲ್ಲ, ನಿಜವಾಗಿಯೂ ಬಿಡಬೇಕು ಅಂತಲೇ ಅಳುತ್ತಿದ್ದ. ಆಮೇಲೆ ಆಣೆ ಮುರಿಯುತ್ತಿತ್ತು. ಮುರಿದ ಮೇಲೆ ಕುಡಿತದ ಜೊತೆ ಪಾಪದ ಭಯವೂ ಸೇರುತ್ತಿತ್ತು, ಆ ಭಯ ಮರೆಯಲು ಇನ್ನೊಂದು ನೈಂಟಿ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ವರ್ಷಗಟ್ಟಲೆ ದಿನಾ ಕುಡಿದವರು ಆಣೆ ಹಾಕಿದರು ಅಂತ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಕೈ ನಡುಗುತ್ತದೆ, ಬೆವರುತ್ತದೆ, ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಇಲ್ಲದ ಮನುಷ್ಯರು, ಇಲ್ಲದ ಹುಳ ಕಾಣಿಸಬಹುದು. ಮನೆಯವರು ದೆವ್ವ ಹೊಕ್ಕಿದೆ ಅಂತ ನಿಂಬೆಹಣ್ಣು ಇಳಿಸುತ್ತಾ ಕೂರುತ್ತಾರೆ. ಆಗ ಬೇಕಾಗಿರುವುದು ಆಸ್ಪತ್ರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ, ಆದರೆ "ಧಾರವಾಡಕ್ಕೆ ಕಳಸಬೇಕಾಗ್ತದ ನೋಡು" ಅಂತ ಬೈಗುಳವನ್ನೇ ಮಾಡಿಕೊಂಡವರಲ್ವಾ ನಾವು, ಹೋಗೋಕೆ ನಾಚಿಕೆ.

ಹಾಗೇ ಗೋಡೆ ಮೇಲಿನ "ಕುಡಿಯುವವರಿಗೆ ತಿಳಿಯದಂತೆ ಬಿಡಿಸಿ" ಅನ್ನುವ ಜಾಹೀರಾತು. ದಯವಿಟ್ಟು ಬೇಡ. ಡೈಸಲ್ಫಿರಾಂ ಅಂತ ಮಾತ್ರೆ ಇದೆ, ಅದನ್ನು ನುಂಗಿದ ಮೇಲೆ ಕುಡಿದರೆ ವಾಂತಿ, ಎದೆಬಡಿತ, ಬಿಪಿ ಕುಸಿತ, ಕೆಲವೊಮ್ಮೆ ಸಾವು. ಡಾಕ್ಟರು ಅದನ್ನು ಕೊಡುವುದು ಕುಡಿಯುವವನಿಗೆ ಎಲ್ಲ ಹೇಳಿ, ಅವನು ಒಪ್ಪಿದ ಮೇಲೆ. ಸಾರಿನಲ್ಲಿ ಕದ್ದು ಬೆರೆಸಲು ಅಲ್ಲ.

ತಮ್ಮನಿಗೆ ಮೀಟಿಂಗ್ ಬಗ್ಗೆ ಹೇಳಿದ್ದು ಒಬ್ಬ ಡಾಕ್ಟರ್. ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಎಎ ಅನ್ನುತ್ತಾರೆ, ಕುಡಿತ ಬಿಡಬೇಕು ಅನ್ನುವವರು ಸೇರಿ ತಮ್ಮ ಕಥೆ ಹೇಳಿಕೊಳ್ಳುವ ಗುಂಪು. ಹುಡುಕುವುದು ಸುಲಭ ಇರಲಿಲ್ಲ. ಅವರು ಬೋರ್ಡು, ಬ್ಯಾನರ್ ಹಾಕಿಕೊಂಡು ಪ್ರಚಾರ ಮಾಡುವವರಲ್ಲ, ಬಂದವರ ಹೆಸರು ಹೊರಗೆ ಬರಬಾರದು ಅನ್ನುವುದೇ ಅವರ ಪದ್ಧತಿ. ಅದಕ್ಕೇ ಜಾಗ, ವಾರ ನಾನೂ ಇಲ್ಲಿ ಬರೆಯುವುದಿಲ್ಲ. ಚರ್ಚಿಗೆ ಸೇರಿದ ಶಾಲೆಯ ಒಂದು ಕೋಣೆ ಅಂತ ಗೊತ್ತಾದಾಗ ನಮ್ಮ ಚಿಕ್ಕಪ್ಪ, "ಅಲ್ಲಿ ಹೋದರ ಧರ್ಮಾ ಬದಲಿ ಮಾಡ್ತಾರ" ಅಂದರು. ಕುಡಿದು ಗಟಾರದಲ್ಲಿ ಬಿದ್ದಾಗ ಧರ್ಮ ನೆನಪಾಗಿರಲಿಲ್ಲ, ಇರಲಿ. ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ. ಕೋಣೆ ಬಾಡಿಗೆಯದು, ಬಾಡಿಗೆ ಅವರೇ ಹಣ ಕೂಡಿಸಿ ಕೊಡುತ್ತಾರೆ, ಫೀಸು ಇಲ್ಲ, ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದೂ ಇಲ್ಲ.

ಓಪನ್ ಮೀಟಿಂಗ್ ಇದ್ದ ದಿನ ನಾನೂ ಹೋಗಿದ್ದೆ, ಆವತ್ತು ಮನೆಯವರೂ ಕೂರಬಹುದು. ಪ್ಲಾಸ್ಟಿಕ್ ಕುರ್ಚಿ, ಚಾ, ಬಿಸ್ಕತ್ತು. ಆಟೋದವರು, ಬ್ಯಾಂಕಿನವರು, ರಿಟೈರ್ ಆದ ಮಾಸ್ತರು. ಎದ್ದು ಹೆಸರು ಹೇಳಿ, ನಾನೊಬ್ಬ ಕುಡುಕ ಅಂತ ಹೇಳಿ, ಅವರವರ ಕಥೆ ಹೇಳಿದರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಧ್ಯೆ ಬಾಯಿ ಹಾಕಲಿಲ್ಲ, "ನೀ ಹಿಂಗ ಮಾಡಬೇಕಿತ್ತು" ಅನ್ನಲಿಲ್ಲ. ನಮ್ಮ ಮನೆಗಳಲ್ಲಿ ಇದನ್ನು ಊಹಿಸಿಕೊಳ್ಳೋಕಾದರೂ ಆಗುತ್ತದಾ? ಮಾಸ್ತರು ತಮ್ಮನಿಗೆ ಹೇಳಿದ್ದು ಇಷ್ಟೇ. "ಇವತ್ತ ಒಂದ ದಿನ ಬ್ಯಾಡ ನೋಡ್ರಿ. ನಾಳಿದ್ದ ನಾಳೆ ನೋಡೋಣಂತ." ಬರುವಾಗ ಬೈಕ್ ಮೇಲೆ ಅವನು ಕೇಳಿದ, "ಅಕ್ಕಾ, ಅಲ್ಲಿ ಯಾರೂ ಆಣಿ ಮಾಡು ಅನ್ನಲೇ ಇಲ್ಲಲ್ಲ?"

ಅದಾದ ಮೇಲೂ ಅವನು ಕುಡಿದ. ಮುಚ್ಚಿಡುವುದಿಲ್ಲ. ಆದರೆ ಮರುವಾರ ತಾನೇ ವಾಪಸ್ ಹೋದ, ಅವರು ಕುರ್ಚಿ ಎಳೆದು ಕೊಟ್ಟರು. ಸೇರಲು ಇರುವ ಷರತ್ತು ಒಂದೇ, ಕುಡಿತ ಬಿಡಬೇಕು ಅನ್ನುವ ಆಸೆ. ಬಿಟ್ಟಿರಬೇಕು ಅಂತ ಇಲ್ಲ. ಆಣೆ ಮುರಿದವನು ಮನೆಗೆ ಯಾವ ಮುಖ ಹೊತ್ತು ಬರಬೇಕು ಹೇಳಿ? ಇಲ್ಲಿ ಜಾರಿ ಬಿದ್ದವನಿಗೂ ಬಾಗಿಲು ತೆರೆದಿರುತ್ತದೆ. ನನ್ನ ವಾದವೇ ಇದು.

ಎಎ ಶುರುವಾದದ್ದೂ ಹಾಗೇ. 1935ರಲ್ಲಿ ಅಮೆರಿಕದ ಅಕ್ರಾನ್ ಎಂಬ ಊರಿಗೆ ಕೆಲಸಕ್ಕೆ ಹೋದ ಬಿಲ್ ಅನ್ನುವವರಿಗೆ, ಕುಡಿತ ಬಿಟ್ಟು ಕೆಲವು ತಿಂಗಳಾಗಿದ್ದರೂ, ಹೋಟೆಲಿನಲ್ಲಿ ಮತ್ತೆ ಕುಡಿಯುವ ಆಸೆ ಜೋರಾಗಿ ಬಂತು. ಅವರು ಹುಡುಕಿದ್ದು ಡಾಕ್ಟರನ್ನೋ ಪಾದ್ರಿಯನ್ನೋ ಅಲ್ಲ, ಮಾತಾಡಲು ಇನ್ನೊಬ್ಬ ಕುಡುಕನನ್ನು. ಸಿಕ್ಕವರು ಬಾಬ್, ಅವರು ಸರ್ಜನ್ ಅನ್ನುವುದು ಬೇರೆ ಮಾತು. ಬಿಲ್ ಮಾತಾಡಿದ್ದು ಉಪದೇಶ ಮಾಡಲು ಅಲ್ಲ, ತಾನು ಉಳಿಯಲು.

ಮನೆಯವರಿಗೂ ಅಲ್-ಅನಾನ್ ಅಂತ ಬೇರೆ ಗುಂಪುಗಳಿವೆ. "ಇದನ್ನು ತಂದವಳು ನಾನಲ್ಲ, ತಡೆಯುವುದು ನನ್ನ ಕೈಲಿಲ್ಲ, ವಾಸಿ ಮಾಡುವುದೂ ನನ್ನ ಕೈಲಿಲ್ಲ" ಅನ್ನುವುದು ಅಲ್ಲಿನ ಪಾಠ. ತಮ್ಮನ ಹೆಂಡತಿಗೆ ಇದನ್ನು ಹೇಳಿದಾಗ ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಅವಳ ಕಾಲ್ಗುಣ ಅಂದವರು ನಮ್ಮ ಓಣಿಯಲ್ಲೇ ಇದ್ದಾರೆ.

ಗದಗ, ಹಾವೇರಿ ಹಳ್ಳಿಗಳವರಿಗೆ ವಾರ ವಾರ ಹುಬ್ಬಳ್ಳಿಗೆ ಬರಲು ಆಗುವುದಿಲ್ಲ, ನಿಜ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಗಳು ಹಳ್ಳಿಗಳಲ್ಲೂ ನಡೆಯುತ್ತವೆ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿ ಅಂತ ಇರುತ್ತದೆ, ಕೇಳಿ ಸೇರಿಸಿ. ಶಿಬಿರಕ್ಕಿಂತ ಅದೇ ಮುಖ್ಯ ಅನ್ನುತ್ತೇನೆ ನಾನು. ಯಾವುದೂ ಗೊತ್ತಾಗದಿದ್ದರೆ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ದುಡ್ಡಿಲ್ಲ. ಫೋನ್ ಮಾಡಲು ಕುಡಿಯುವವನೇ ಆಗಬೇಕಿಲ್ಲ, ಅಕ್ಕ ತಂಗಿ ಯಾರಾದರೂ ಮಾಡಬಹುದು.